ಪರಪ್ಪನ ಸಾವಿಗೆ ಕಂಪನಿ ಕೊಟ್ಟ ಹೆಸರು

ನಿಡಗುಂದಿ
18 ಫೆಬ್ರವರಿ 2024

ಪ್ರೀತಿಯ ತಮ್ಮ ಫಯಾಜನಿಗೆ ಆಪಾಳ ದುವಾ.

ಕಾಗದ ನೋಡಿ ನಿನಗೆ ನಗು ಬರಬಹುದು. ಫೋನು ಮಾಡಿದರೆ ನಿನ್ನ ಆಫೀಸಿನ ಹುಡುಗಿ ಎತ್ತಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಾಳೆ. ನೀನೇ ಎತ್ತಿದ ದಿನ ನೀನು ಮಾತಾಡುತ್ತೀ, ನಾನು ಕೇಳುತ್ತೇನೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ನಮ್ಮ ಮನೆಯ ಎದುರು ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ಪರಪ್ಪ ನಿನಗೆ ನೆನಪಿರಬೇಕು. ನಿನ್ನ ಭಾವ ತೀರಿಕೊಂಡಾಗ ಖಬರಸ್ತಾನದವರೆಗೆ ನಡೆದುಬಂದಿದ್ದ. ಕಳೆದ ಸೆಪ್ಟೆಂಬರಿನಲ್ಲಿ ಅವನು ಕಾಲುವೆಯಲ್ಲಿ ಮುಳುಗಿ ಸತ್ತ. ಹೆಣ ಮರುದಿನ ಮುಂದಿನ ಊರಿನ ಕಾಲುವೆ ಗೇಟಿನ ಬಳಿ ಸಿಕ್ಕಿತು. ಬಸವನ ಬಾಗೇವಾಡಿಯ ದವಾಖಾನೆಯಲ್ಲಿ ಕೊಯ್ದು ನೋಡಿ, ನೀರು ಕುಡಿದು ಸತ್ತಿದ್ದಾನೆ ಎಂದು ಬರೆದುಕೊಟ್ಟರು. ಹೇಗೆ ಬಿದ್ದ ಎಂದು ಡಾಕ್ಟರೂ ಬರೆಯಲಿಲ್ಲ, ಪೊಲೀಸರೂ ಬರೆಯಲಿಲ್ಲ. ಬಿದ್ದದ್ದನ್ನು ಕಂಡವರು ಯಾರೂ ಇರಲಿಲ್ಲ.

ಅವನ ಜೀವ ವಿಮೆ ಮಾಡಿಸಿದ ಏಜೆಂಟ್ ನಾನೇ, ನಿಮ್ಮ ಕಂಪನಿಯಲ್ಲೇ. ಮಾಡಿಸಿ ವರ್ಷ ತುಂಬಿರಲಿಲ್ಲ. ವರ್ಷದೊಳಗೆ ಆತ್ಮಹತ್ಯೆಯಾದರೆ ವಿಮೆಯ ಹಣ ಸಿಗುವುದಿಲ್ಲ ಎಂಬ ನಿಯಮವನ್ನು ನಿನಗೆ ನಾನು ಹೇಳಬೇಕಿಲ್ಲ. ಕಂಪನಿಯ ಕಡೆಯಿಂದ ವಿಚಾರಣೆಗೆಂದು ಒಬ್ಬ ಬಂದ. ಚಹಾದಂಗಡಿಯಲ್ಲಿ ಕೂತು ಒಂದಿಷ್ಟು ಮಂದಿಯನ್ನು ಮಾತಾಡಿಸಿ ಅದೇ ಸಂಜೆಯ ಬಸ್ಸಿಗೆ ಹೋದ. ಕಳೆದ ವಾರ ಕಾಗದ ಬಂತು. ಇದು ಆತ್ಮಹತ್ಯೆ, ಕಟ್ಟಿದ ಕಂತಷ್ಟೇ ವಾಪಸು.

ಅವನ ಹೆಂಡತಿ ವಿಜಯಲಕ್ಷ್ಮಿ ಅದನ್ನು ಹಿಡಿದು ನನ್ನ ಬಳಿ ಬಂದಳು. ದುಡ್ಡಿನ ಮಾತು ತೆಗೆಯಲೇ ಇಲ್ಲ.

"ಆಪಾ, ಅವ್ರು ತಾವಽ ಜೀವಾ ಕೊಟ್ಟಾರ ಅಂತ ಬರದಾರೇನ್ರಿ ಇದರಾಗ?"

ಹೌದು ಎಂದೆ.

"ಹಂಗಾದ್ರ ನಾನಽ ಕೊಂದಂಗಾತಲ್ರಿ," ಎಂದು ಎದ್ದು ಹೋದಳು.

ಆ ಕಾಗದ ಬರುವವರೆಗೆ ಊರವರು ಪಾಪ, ಕಾಲು ಜಾರಿತು ಎನ್ನುತ್ತಿದ್ದರು. ಈಗ ಅದೇ ಮಂದಿ, ಅಷ್ಟು ದೊಡ್ಡ ಕಂಪನಿ ಸುಮ್ಮನೆ ಬರೆಯುತ್ತದೆಯೇ ಎನ್ನುತ್ತಾರೆ. ಮನೆಯೊಳಗೆ ಏನು ನಡೆದಿತ್ತೋ ಎಂದು ತಮ್ಮತಮ್ಮಲ್ಲೇ ಊಹಿಸಿಕೊಳ್ಳುತ್ತಾರೆ. ಮಗಳು ಭಾಗ್ಯಾಳ ನಿಶ್ಚಯ ಸಿಂದಗಿ ಕಡೆಯ ದೇವಣಗಾಂವದ ಹುಡುಗನ ಜೊತೆ ಆಗಿದೆ. ಈ ಮಾತು ಅವರ ಕಿವಿಗೆ ಬೀಳುವ ಮೊದಲು ನೀನು ಒಮ್ಮೆ ನೋಡು. ಕ್ಲೇಮು ವಿಭಾಗ ನಿನ್ನ ಕೈಯಲ್ಲಿದೆ.

ದಯೆ ತೋರಿಸು ಎಂದು ಕೇಳುತ್ತಿಲ್ಲ, ನೋಡು ಎನ್ನುತ್ತಿದ್ದೇನೆ.

ನಿನ್ನ ಆಪಾ,
ಸಗೀರಾ


ಪುಣೆ
9 ಮಾರ್ಚ್ 2024

ಆಪಾ, ಸಲಾಂ.

ನೀನು ಕಾಗದ ಬರೆದದ್ದು ಒಳ್ಳೆಯದಾಯಿತು. ಇಂಥ ವಿಷಯ ವಾಟ್ಸಾಪಿನಲ್ಲಿ ಬೇಡ, ಎಲ್ಲರ ಕಣ್ಣೂ ನನ್ನ ಮೇಲಿರುತ್ತದೆ.

ಕೇಸು ತರಿಸಿ ನೋಡಿದೆ. ಆ ದಿನ ಮಧ್ಯಾಹ್ನ ಗಂಡ ಹೆಂಡತಿ ಜಗಳವಾಡಿದ್ದನ್ನು ಓಣಿಯವರು ಕೇಳಿದ್ದಾರೆ. ಚಪ್ಪಲಿಯನ್ನು ದಂಡೆಯ ಮೇಲೆ ಜೋಡಿಸಿ ಬಿಟ್ಟಿದ್ದಾನೆ. ಮೊಬೈಲನ್ನು ಅಂಗಡಿಯಲ್ಲೇ ಇಟ್ಟು ಹೋಗಿದ್ದಾನೆ. ಸಂಜೆ ಅಷ್ಟು ಹೊತ್ತಿನಲ್ಲಿ ಅವನಿಗೆ ಕಾಲುವೆಯ ಕಡೆ ಏನು ಕೆಲಸವಿತ್ತು ಎಂದು ಯಾರೂ ಹೇಳಲಾರರು. ನನ್ನ ಜಾಗದಲ್ಲಿ ಯಾರಿದ್ದರೂ ಇದೇ ತೀರ್ಮಾನಕ್ಕೆ ಬರುತ್ತಿದ್ದರು.

ನೀನು ನನ್ನ ಕೆಲಸವನ್ನು ಕಟುಕನ ಕೆಲಸ ಎಂದುಕೊಂಡಿದ್ದೀ. ಮುದ್ದೇಬಿಹಾಳದ ಶಾಖೆಗೆ ನಾನು ಮ್ಯಾನೇಜರಾದ ವರ್ಷ ಒಬ್ಬಳು ಬಳೆ ಒಡೆದುಕೊಂಡು ಬಂದು ನನ್ನ ಮೇಜಿನ ಮುಂದೆ ಅತ್ತಿದ್ದಳು. ನಾನೂ ಕಣ್ಣೀರು ಹಾಕಿದ್ದೆ. ಕ್ಲೇಮನ್ನು ಬೇಗ ಪಾಸು ಮಾಡಿಸಬೇಕೆಂದು ಊರೂರು ಓಡಾಡಿ ಕಾಗದ ಕೂಡಿಸಿದೆ. ಸೊಲ್ಲಾಪುರದ ಸ್ಟ್ಯಾಂಡಿನ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ನನಗೆ ಭಾಕರಿ ಬಡಿಸಿದವನು ಆ ಸತ್ತ ಗಂಡ. ಫೋಟೋ ನನ್ನ ಕಿಸೆಯಲ್ಲೇ ಇತ್ತು. ಹೆಡ್ಡಾಫೀಸಿಗೆ ನನ್ನ ಹೆಸರು ಗೊತ್ತಾದದ್ದು ಆವತ್ತು. ಹುಬ್ಬಳ್ಳಿಗೆ ಕರೆದರು, ಆಮೇಲೆ ಪುಣೆಗೆ. ನಾನು ಬಂದ ಮೇಲೆ ವರ್ಷದೊಳಗಿನ ಕ್ಲೇಮುಗಳು ಅರ್ಧಕ್ಕಿಳಿದಿವೆ. ಉಳಿದ ಹಣ ನಿಜವಾದ ವಿಧವೆಯರಿಗೆ ಹೋಗುತ್ತದೆ ಎಂಬುದನ್ನು ಯಾರೂ ನೆನೆಯುವುದಿಲ್ಲ.

ಅಬ್ಬಾ ಸತ್ತಾಗ ನಮಗೆ ಯಾವ ಕಂಪನಿಯೂ ಏನೂ ಕೊಡಲಿಲ್ಲ. ನೀನು ಹೊಲಿಗೆ ಮಷಿನ್ನು ತುಳಿದು ನನ್ನನ್ನು ಓದಿಸಿದೆ. ಅದನ್ನು ನಾನು ಮರೆತಿಲ್ಲ. ಆದರೆ ಅದನ್ನೂ ಇದನ್ನೂ ಒಂದು ಮಾಡಬೇಡ.

ಈದಿಗೆ ಸೀರೆ ಕಳಿಸಿದ್ದೇನೆ. ಬಣ್ಣ ನಿನಗೆ ಒಪ್ಪುತ್ತದೆ.

ಫಯಾಜ


ನಿಡಗುಂದಿ
2 ಏಪ್ರಿಲ್ 2024

ಫಯಾಜ,

ಸೀರೆ ಬಂತು. ಬಿಚ್ಚದೆ ಹಾಗೆಯೇ ವಾಪಸು ಕಳಿಸಿದ್ದೇನೆ, ನಿನ್ನ ಹೆಂಡತಿ ಉಡಲಿ.

ನೀನು ಸಾಲೋಟಗಿಯಲ್ಲಿ ಹುಟ್ಟಿದವನು. ನೀರಿಗಿಳಿಯುವವರು ಚಪ್ಪಲಿ ಎಲ್ಲಿ ಬಿಡುತ್ತಾರೆ ಎಂಬುದನ್ನು ಪುಣೆಗೆ ಹೋಗಿ ಮರೆತಿದ್ದೀಯಾ? ಕಾಲುವೆಯ ಇಳಿಜಾರಿಗೆಲ್ಲ ಸಿಮೆಂಟು ಹಾಕಿದ್ದಾರೆ, ಅದರ ಮೇಲೆ ಪಾಚಿ. ಚಪ್ಪಲಿ ಹಾಕಿಕೊಂಡು ಯಾರೂ ಇಳಿಯುವುದಿಲ್ಲ. ಮೊಬೈಲನ್ನು ನೀರಿಗೆ ಯಾರೂ ಒಯ್ಯುವುದಿಲ್ಲ. ಅವನ ದೊಡ್ಡ ಪಾನಾ ಅಂಗಡಿಯಲ್ಲಿಲ್ಲ. ಸಾಯಲು ಹೊರಟವನು ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಹೋಗುತ್ತಾನೆಯೇ? ನಿನ್ನ ವಿಚಾರಣೆಯವನು ಅಂಗಡಿಯೊಳಗೆ ಕಾಲಿಡಲೇ ಇಲ್ಲ.

ಕಾಲುವೆಯ ಆಚೆ ರಾವಸಾಬರ ಹೊಲವಿದೆ. ನಿನಗೆ ಅವರು ಬೇಕಾದವರು, ಅವರ ಮನೆಯಲ್ಲಿ ಎಲ್ಲರದೂ ನಿಮ್ಮ ಕಂಪನಿಯ ಪಾಲಿಸಿ. ಅವರು ಕಾಲುವೆಗೇ ಮೋಟರ್ ಹಚ್ಚಿ ಕದ್ದು ನೀರೆತ್ತುತ್ತಾರೆ ಎಂದು ಊರಿಗೆಲ್ಲ ಗೊತ್ತು, ಮೇಲಿನವರಿಗೆ ಗೊತ್ತಾದರೆ ಕೇಸು. ನೀರಿನೊಳಗಿರುವ ಪೈಪಿನ ಬಾಯಿಗೆ ಜೇಕು ಹುಲ್ಲು ಸಿಕ್ಕಿಕೊಂಡಾಗಲೆಲ್ಲ ಬಿಚ್ಚಿ ತೆಗೆಯಲು ಪರಪ್ಪನನ್ನೇ ಕರೆಸುತ್ತಿದ್ದರು. ನಾನು ಅವರ ಮನೆಗೆ ಹೋದೆ. ಅವತ್ತು ಪರಪ್ಪನನ್ನು ನೀವು ಕರೆಸಿದ್ದಿರಾ ಎಂದು ಕೇಳಿದೆ.

"ನಾ ಯಾರನ್ನೂ ಕರಿಸಿಲ್ಲವ್ವಾ. ನನ್ನ ಮೋಟರಽ ಇಲ್ಲ ಅಲ್ಲಿ," ಎಂದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಚಹಾ ಕುಡಿದು ಹೋಗು ಎಂದರು. ನಾನು ರಂಜಾನಿನ ರೋಜಾ ಹಿಡಿದಿರುವುದು ಅವರಿಗೆ ಗೊತ್ತಿತ್ತು.

ನಿಜ, ಆ ಮಧ್ಯಾಹ್ನ ವಿಜಯಲಕ್ಷ್ಮಿ ಗಂಡನ ಜೊತೆ ಜಗಳವಾಡಿದ್ದಳು. ನಿನ್ನ ಭಾವನ ಜೊತೆ ನಾನು ಎಷ್ಟು ಜಗಳವಾಡಿಲ್ಲ? ಅವರು ಹೃದಯಾಘಾತದಿಂದ ಹೋದರು, ಆದ್ದರಿಂದ ನಾನು ಬಚಾವಾದೆ.

ನೀನು ಮುದ್ದೇಬಿಹಾಳದ ಕಥೆ ಹೇಳಿದೆ. ಅದಕ್ಕೂ ಮುಂಚಿನದನ್ನು ಬಿಟ್ಟೆ. ಇಂಡಿ ತಾಲೂಕಿನಲ್ಲಿ ನೀನು ಏಜೆಂಟಾಗಿ ಮೊದಲು ಬ್ಯಾಗು ಹಿಡಿದಾಗ ಒಂದು ಮನೆಯ ಬಾಗಿಲೂ ತೆರೆಯಲಿಲ್ಲ. ಗಂಡಸು ಬದುಕಿರುವಾಗಲೇ ಅವನ ಸಾವಿನ ಮಾತಾಡುವವನನ್ನು ಹೆಂಗಸರು ಹೊಸಲು ದಾಟಲು ಬಿಡುತ್ತಾರೆಯೇ? ನಾನು ನಿನ್ನ ಮುಂದೆ ನಡೆದೆ. ಕುಪ್ಪಸದ ಅಳತೆ ತೆಗೆದುಕೊಳ್ಳುತ್ತ ಮಾತು ತೆಗೆಯುತ್ತಿದ್ದೆ. ಸಗೀರಾ ಸುಳ್ಳು ಹೇಳುವವಳಲ್ಲ ಎಂದು ಅವರು ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಮನೆಮನೆಗೆ ಹೆಂಗಸರನ್ನೇ ಕಳಿಸುವ ಆ ಪದ್ಧತಿಗೆ ಕಂಪನಿಯವರು ನಿನಗೆ ಪದಕ ಕೊಟ್ಟರು. ಕೊಡಲಿ, ನನಗೆ ಅದು ಬೇಕಿರಲಿಲ್ಲ. ಆದರೆ ಆ ಮನೆಗಳಲ್ಲಿ ನಾನು ಕೊಟ್ಟ ಮಾತು ನನ್ನದಾಗಿತ್ತು, ಕಂಪನಿಯದಲ್ಲ.

ದೇವಣಗಾಂವದವರು ನಿಶ್ಚಯ ಮುರಿದುಕೊಂಡರು. ಹುಡುಗನ ಸೋದರಮಾವ ಬಂದು ಉಂಗುರ ಕೊಟ್ಟು, ತಮ್ಮ ಉಂಗುರ ಕೇಳಿ ಪಡೆದು ಹೋದ. ನೀರಿಗೆ ಹಾರಿದ ಮನೆತನ ನಮಗೆ ಬೇಡ ಎಂದನಂತೆ. ಭಾಗ್ಯಾ ಮುದ್ದೇಬಿಹಾಳದ ಔಷಧದಂಗಡಿಯ ಕೆಲಸಕ್ಕೆ ಮರುದಿನವೇ ಹೋದಳು.

ಆಪಾ


ಪುಣೆ
20 ಜೂನ್ 2024

ಆಪಾ, ಸಲಾಂ.

ಬರೆಯಲು ತಡವಾಯಿತು. ಸುಮ್ಮನೆ ಕೂತಿರಲಿಲ್ಲ, ನಿನ್ನ ಮಾತಿಗಾಗಿ ಓಡಾಡುತ್ತಿದ್ದೆ.

ಒಳ್ಳೆಯ ಸುದ್ದಿ ಇದೆ. ಆ ಹೆಣ್ಣುಮಗಳಿಗೆ ವಿಮೆಯ ಪೂರ್ತಿ ಹಣ ಕೊಡಲು ಕಂಪನಿ ಒಪ್ಪಿದೆ. ಇದನ್ನು ವಿಶೇಷ ಅನುಕಂಪ ಎನ್ನುತ್ತಾರೆ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಹೀಗೆ ಕೊಡಿಸಿದ್ದು ಅಪರೂಪ. ಅವಳು ಮಾಡಬೇಕಾದದ್ದು ಇಷ್ಟೇ. ಕಂಪನಿಯ ತೀರ್ಮಾನಕ್ಕೆ ತನ್ನ ತಕರಾರಿಲ್ಲ, ಮುಂದೆ ಎಲ್ಲೂ ದೂರು ಕೊಡುವುದಿಲ್ಲ ಎಂದು ಸಹಿ ಮಾಡಬೇಕು. ಕಾಗದ ಅವಳ ವಿಳಾಸಕ್ಕೆ ಬರುತ್ತದೆ. ಹಣ ಬಂದರೆ ಮಗಳಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಸಿಗುತ್ತದೆ.

ಇನ್ನೊಂದು ಮಾತು. ಇಡೀ ದೇಶದ ಕ್ಲೇಮು ವಿಭಾಗಕ್ಕೆ ನನ್ನನ್ನು ಮುಖ್ಯಸ್ಥನನ್ನಾಗಿ ಮಾಡುವ ಮಾತು ನಡೆದಿದೆ. ಅದು ಆದರೆ, ಹೊಸ ವರ್ಷಕ್ಕೆ ಇಂಡಿಯಲ್ಲಿ ನಮ್ಮ ಮಂದಿ ಸತ್ಕಾರ ಇಟ್ಟುಕೊಳ್ಳುತ್ತಾರಂತೆ. ನೀನು ವೇದಿಕೆಯ ಮೇಲೆ ನನ್ನ ಪಕ್ಕ ಕೂತಿರಬೇಕು. ನಾವಿಬ್ಬರೂ ಮನೆಮನೆಗೆ ಹೋಗುತ್ತಿದ್ದುದನ್ನು ನೀನೇ ಹೇಳಬೇಕು. ನಾನು ಹೇಳಿದರೆ ಜಂಬವಾಗುತ್ತದೆ.

ಬಿಸಿಲು ಹೆಚ್ಚಿದೆಯಂತೆ, ಹೊರಗೆ ಓಡಾಡಬೇಡ.

ನಿನ್ನ ಫಯಾಜ


ನಿಡಗುಂದಿ
11 ಜುಲೈ 2024

ಫಯಾಜ ಸಾಹೇಬರಿಗೆ ವಿಜಯಲಕ್ಷ್ಮಿಯ ನಮಸ್ಕಾರಗಳು.

ನೀವು ಕಳಿಸಿದ ಕಾಗದವನ್ನು ಮಗಳು ಓದಿ ಹೇಳಿದಳು, ಇದನ್ನೂ ಅವಳ ಕೈಯಲ್ಲೇ ಬರೆಸುತ್ತಿದ್ದೇನೆ. ಸಗೀರಾ ಆಪಾ ಸಹಿ ಮಾಡು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಆದ್ದರಿಂದ ಅವರ ಮೇಲೆ ಸಿಟ್ಟಾಗಬೇಡಿ.

ಅವತ್ತು ನಾನು ಜಗಳ ಮಾಡಿದ್ದು ಖರೆ. ಲಗ್ನಕ್ಕೆ ಮಂಗಲ ಕಾರ್ಯಾಲಯ ಹಿಡಿಯೋಣ ಎಂದು ಅವರು, ಗುಡಿಯ ಮುಂದೆ ಹಂದರ ಹಾಕಿದರೆ ಸಾಕು ಎಂದು ನಾನು. ಮಗಳ ಲಗ್ನದ ಜಾಗಕ್ಕಾಗಿ ಜಗಳ ಆಡಿದವರು ಅದೇ ಸಂಜೆ ಹೋಗಿ ಕಾಲುವೆಗೆ ಹಾರುತ್ತಾರೇನು? ರಾವಸಾಬರ ಮೋಟರು ನೀರು ಎತ್ತುತ್ತಿಲ್ಲ, ಹೋಗಿ ಬರುತ್ತೇನೆ ಎಂದು ಹೇಳಿಯೇ ಹೊರಟಿದ್ದರು. ಆ ಮಾತನ್ನು ನಿಮ್ಮ ಮನುಷ್ಯನಿಗೂ ಹೇಳಿದ್ದೆ. ಅವನು, ಹೆಂಡತಿಯ ಮಾತು ಸಾಕ್ಷಿಯಾಗುವುದಿಲ್ಲ ಎಂದ. ಜಗಳವನ್ನು ಮಾತ್ರ ಬರೆದುಕೊಂಡ.

ಸಹಿ ಮಾಡಿದರೆ ಅವರು ತಾವೇ ಸತ್ತರು ಎಂದು ನಾನೇ ಒಪ್ಪಿಕೊಂಡ ಹಾಗೆ. ನನ್ನ ಮಗಳು ಅದನ್ನು ಜೀವಮಾನವೆಲ್ಲ ಹೊತ್ತು ತಿರುಗಬೇಕು. ನಮಗೆ ಹಣದ ಜರೂರು ಬಹಳ ಇದೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೂ ಸಹಿ ಮಾಡುವುದಿಲ್ಲ. ಬೆಂಗಳೂರಿನಲ್ಲಿ ವಿಮೆಯ ತಕರಾರು ಕೇಳುವ ಲೋಕಪಾಲರು ಇದ್ದಾರಂತೆ. ಅಲ್ಲಿಗೆ ಅರ್ಜಿ ಹಾಕಿದ್ದೇವೆ.

ತಪ್ಪು ಮಾತಾಡಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಜಯಲಕ್ಷ್ಮಿ ಪರಪ್ಪ


ನಿಡಗುಂದಿ
29 ಸೆಪ್ಟೆಂಬರ್ 2024

ಫಯಾಜ,

ನಿನ್ನೆ ಮತ್ತೆ ರಾವಸಾಬರ ಮನೆಗೆ ಹೋಗಿದ್ದೆ. ಲೋಕಪಾಲರ ಮುಂದೆ ನೀವು ಒಂದೇ ಮಾತು ಹೇಳಿ, ಪರಪ್ಪನನ್ನು ಕರೆಸಿದ್ದು ಹೌದು ಎನ್ನಿ, ಸಾಕು ಎಂದೆ. ನೀವು ಹೇಳದಿದ್ದರೆ ಕಾಲುವೆಯ ಮೋಟರಿನ ಮಾತನ್ನು ನಾನೇ ಎತ್ತುತ್ತೇನೆ ಎಂದೆ. ಅವರಿಗೆ ರೇಗಿತು.

"ನಿನ್ನ ತಮ್ಮಗ ಎಲ್ಲಾ ಹೇಳೇನಿ. ಅವಾ ಸುಮ್ಮಿರ್ರಿ ಅಂದಾನ. ನಡುವ ನಿಂದೇನೈತಿ?"

ನಾನು ಅಲ್ಲೇ ಪಡಸಾಲೆಯಲ್ಲಿ ಕೂತುಬಿಟ್ಟೆ. ಅವರ ಹೆಂಡತಿ ನೀರು ತಂದುಕೊಟ್ಟಳು. ಆಡಿಬಿಟ್ಟ ಮೇಲೆ ರಾವಸಾಬರೂ ತಣ್ಣಗಾದರು, ಉಳಿದದ್ದನ್ನೂ ಹೇಳಿದರು. ಏಪ್ರಿಲ್ ಕೊನೆಗೆ ಎದೆಯ ಆಪರೇಶನ್ನಿಗೆಂದು ಪುಣೆಗೆ ಬಂದವರು ನಿನ್ನ ಮನೆಯಲ್ಲೇ ಇಳಿದಿದ್ದರಂತೆ. ಬದುಕುತ್ತೇನೋ ಇಲ್ಲವೋ ಎಂಬ ಹೆದರಿಕೆಯಲ್ಲಿ ನಿನ್ನ ಮುಂದೆ ಬಾಯಿಬಿಟ್ಟರಂತೆ. ಪರಪ್ಪನನ್ನು ತಾವೇ ಕರೆಸಿದ್ದು, ಹೊತ್ತು ಮುಳುಗುವುದರೊಳಗೆ ಮೋಟರು ಚಾಲೂ ಆಗಲಿ ಎಂದು ಅವಸರ ಮಾಡಿದ್ದು, ತಾವು ಹೊಲದ ಮನೆಗೆ ಹೋಗಿ ಬರುವಷ್ಟರಲ್ಲಿ ಅವನು ಕಾಣಿಸದೆ ಹೋದದ್ದು, ಎಲ್ಲ.

ನೀನು ಏನೆಂದೆಯಂತೆ ಗೊತ್ತೇ? "ಮಾತು ಮಾತಾಗೇ ಇರ್ಲಿ, ಬರದು ಕೊಡಬ್ಯಾಡ್ರಿ." ಅವರು ಮೆಚ್ಚಿಕೊಂಡೇ ಹೇಳಿದರು. ನಿನ್ನ ತಮ್ಮ ಭಾರಿ ಶಾಣ್ಯಾ ಎಂದರು.

ಅಂದರೆ ಜೂನಿನಲ್ಲಿ ಅನುಕಂಪ ಎಂದು ನನಗೆ ಬರೆಯುವಾಗ ನಿನಗೆ ಗೊತ್ತಿತ್ತು. ಪರಪ್ಪ ಕಾಲು ಜಾರಿ ಸತ್ತನೆಂದು ಗೊತ್ತಿದ್ದೇ, ತಾನೇ ಸತ್ತ ಎಂದು ಒಪ್ಪಿಕೊಳ್ಳುವ ಕಾಗದಕ್ಕೆ ಅವನ ಹೆಂಡತಿಯ ಸಹಿ ಕೇಳಿದೆ. ಸೊಲ್ಲಾಪುರದಲ್ಲಿ ಭಾಕರಿ ಬಡಿಸಿದವನು ಸುಳ್ಳು ಹೇಳಿ ಸತ್ತವನಾಗಿದ್ದ. ಇವನು ಖರೆಯೇ ಸತ್ತವನು ಫಯಾಜ. ಇವನ ವಿಷಯದಲ್ಲಿ ಸುಳ್ಳು ಹೇಳಿದವರು ಯಾರು?

ಲೋಕಪಾಲರು ಅಕ್ಟೋಬರಿನಲ್ಲಿ ವಿಡಿಯೋದಲ್ಲಿ ವಿಚಾರಣೆ ಮಾಡುತ್ತಾರೆ. ರಾವಸಾಬರು ಬರುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದಾರೆ. ನಾನು ಹೇಳುತ್ತೇನೆ. ಅದಕ್ಕೆ ಮುಂಚೆ ನೀನೇ ಕೇಸು ತಿರುಗಿಸಿ ನೋಡಿದರೆ ನಾನು ಬಾಯಿ ತೆರೆಯುವ ಪ್ರಸಂಗ ಬರುವುದಿಲ್ಲ. ಈ ಕಾಗದ ಕಂಡ ಕೂಡಲೇ ಫೋನು ಮಾಡು. ಈ ಸಲ ನೀನೇ ಮಾತಾಡು, ನಾನು ಕೇಳುತ್ತೇನೆ.

ಆಪಾ


ಪುಣೆ
15 ಡಿಸೆಂಬರ್ 2024

ಸಗೀರಾ ಆಪಾ ಅವರಿಗೆ,

ಸಲಾಂ.

ಲೋಕಪಾಲರ ಆದೇಶ ಬಂದಿದೆ. ಕಂಪನಿ ಅದನ್ನು ಪಾಲಿಸುತ್ತದೆ, ಹಣ ಈ ತಿಂಗಳಲ್ಲೇ ಹೋಗುತ್ತದೆ. ಜೂನಿನಲ್ಲಿ ಒಂದು ಸಹಿಗೆ ಸಿಗುತ್ತಿದ್ದ ಅದೇ ಹಣ. ಅದಕ್ಕಾಗಿ ನೀವು ನನ್ನ ಹೆಸರನ್ನು ಬೀದಿಗೆ ಎಳೆದಿರಿ.

ಆ ವಿಚಾರಣೆಯಲ್ಲಿ ಕಂಪನಿಯ ಪರವಾಗಿ ಕೂತಿದ್ದವನು ನನ್ನ ಕೈಕೆಳಗಿನ ಹುಡುಗ. ನಾನೇ ಕೆಲಸ ಕಲಿಸಿದವನು. ಸುಮ್ಮನಿರಿ ಎಂದು ರಾವಸಾಬರಿಗೆ ಹೇಳಿದ ಅಧಿಕಾರಿ ಯಾರು ಎಂದು ಕೇಳಿದಾಗ ನೀವು "ನನ್ನ ತಮ್ಮ" ಎಂದಿರಂತೆ. ಹೆಸರು ಹೇಳಬಹುದಿತ್ತು, ಹುದ್ದೆ ಹೇಳಬಹುದಿತ್ತು. ಈಗ ಆಫೀಸಿನಲ್ಲಿ ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ.

ಆಪರೇಶನ್ನಿನ ಭಯದಲ್ಲಿದ್ದ ಮುದುಕರೊಬ್ಬರು ಆಡಿದ ಮಾತು ಸಾಕ್ಷಿಯಲ್ಲ. ಅದನ್ನು ನಾನು ಕಡತಕ್ಕೆ ಸೇರಿಸಿದ್ದರೆ ಅವರ ಮೇಲೆ ಕೇಸಾಗುತ್ತಿತ್ತು. ಅವರನ್ನೂ ಉಳಿಸಿದೆ, ವಿಧವೆಗೂ ದಾರಿ ಮಾಡಿದೆ, ಕಂಪನಿಯ ಮಾತನ್ನೂ ಉಳಿಸಿದೆ. ಇದರಲ್ಲಿ ನನ್ನ ತಪ್ಪು ಯಾವುದು ಎಂದು ಇವತ್ತಿಗೂ ನನಗೆ ಕಾಣುವುದಿಲ್ಲ.

ನನ್ನ ಬಡ್ತಿ ನಿಲ್ಲಲಿಲ್ಲ, ಮುಂದಿನ ತಿಂಗಳು ಮುಂಬೈಗೆ ಹೋಗುತ್ತೇನೆ. ನಿಮ್ಮ ಏಜೆನ್ಸಿಯನ್ನು ಶಾಖೆಯವರು ರದ್ದು ಮಾಡಿದ್ದಾರೆ. ಅದರಲ್ಲಿ ನನ್ನ ಕೈ ಇಲ್ಲ.

ಇಂಡಿಯಲ್ಲಿನ ಸತ್ಕಾರ ಜನವರಿ ಐದಕ್ಕೆ. ನೀವು ಬರುವುದು ಬಿಡುವುದು ನಿಮಗೆ ಬಿಟ್ಟದ್ದು.

ಫಯಾಜ


ನಿಡಗುಂದಿ
19 ಜನವರಿ 2025

ಫಯಾಜ,

ನೀವು ಎಂದು ಬರೆದಿದ್ದೀ. ನಿನಗೆ ಮಾತು ಬಂದಂದಿನಿಂದ ನನ್ನನ್ನು ಹಾಗೆ ಕರೆದಿರಲಿಲ್ಲ. ಓದಿಕೊಂಡೆ.

ವಿಜಯಲಕ್ಷ್ಮಿಗೆ ಹಣ ಬಂತು. ಆದೇಶ ಬಂದ ದಿನ ಭಾಗ್ಯಾಳ ಕೈಯಲ್ಲಿ ಅದನ್ನು ಓದಿಸಿದಳು, ಮುಗಿದ ಮೇಲೆ ಮತ್ತೊಮ್ಮೆ ಓದು ಎಂದಳು. ಆತ್ಮಹತ್ಯೆ ಎಂದು ಸಾಬೀತಾಗಿಲ್ಲ, ಆದ್ದರಿಂದ ಹಣ ಕೊಡತಕ್ಕದ್ದು ಎಂದಿದೆ.

"ಕಾಲು ಜಾರಿ ಬಿದ್ರು ಅಂತ ಎಲ್ಲೂ ಇಲ್ಲೇನ?" ಎಂದು ಕೇಳಿದಳು.

ಭಾಗ್ಯಾ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ನಾನು, ಅರ್ಥ ಅದೇ ಆಗುತ್ತದೆ ಎಂದೆ. ನನ್ನ ದನಿಯನ್ನು ನಾನೇ ನಂಬಲಿಲ್ಲ.

ಊರವರು ತಮಗೆ ಬೇಕಾದ ಹಾಗೆ ಓದಿಕೊಂಡಿದ್ದಾರೆ. ಸಾಬೀತಾಗಿಲ್ಲ ಎಂದರೆ ಸಾಬೀತು ಮಾಡಲು ಆಗಲಿಲ್ಲ ಎಂದಷ್ಟೇ ಅಂತ ಚಹಾದಂಗಡಿಯವನು ಬಂದವರಿಗೆಲ್ಲ ಬಿಡಿಸಿ ಹೇಳುತ್ತಾನೆ. ದೇವಣಗಾಂವದ ಹುಡುಗನ ಲಗ್ನ ದೀಪಾವಳಿ ಮುಗಿದ ಮೇಲೆ ಬೇರೆ ಕಡೆ ಆಗಿಹೋಯಿತು. ತಾಯಿ ಮಗಳು ಅಂಗಡಿಯ ಸಾಮಾನು ಮಾರಿ ಮುದ್ದೇಬಿಹಾಳಕ್ಕೆ ಹೋಗಿದ್ದಾರೆ. ನಾನು ಬಸ್ಸಿನವರೆಗೆ ಹೋಗಿದ್ದೆ. ವಿಜಯಲಕ್ಷ್ಮಿ ಕಿಟಕಿಯ ಕಡೆ ಕೂತಿದ್ದಳು, ಊರಿನ ಕಡೆಗೆ ತಿರುಗಲಿಲ್ಲ. ರಾವಸಾಬರಿಗೆ ಏನೂ ಆಗಲಿಲ್ಲ. ಅವರ ಮೋಟರು ದಿನಾ ನೀರೆತ್ತುತ್ತಿದೆ, ಪೈಪಿನ ಬಾಯಿ ಬಿಡಿಸಲು ಕೊಲ್ಹಾರದ ಕಡೆಯಿಂದ ಬೇರೊಬ್ಬ ಬರುತ್ತಾನೆ.

ಇಷ್ಟನ್ನು ನಾನು ಬರೆಯದೆಯೂ ಇರುತ್ತಿದ್ದೆ. ಸತ್ಕಾರ ಮುಗಿದ ಎರಡನೇ ದಿನ ಸಾಲೋಟಗಿಯ ಇಮಾಮಬಿ ಬಸ್ಸು ಬದಲಿಸಿ ಬದಲಿಸಿ ನನ್ನ ಮನೆಗೆ ಬಂದಳು. ನೆನಪಿದೆಯಲ್ಲ, ನಾವು ಮೊದಲು ಪಾಲಿಸಿ ಮಾಡಿಸಿದ ಮನೆ ಅವಳದು. ಮೊಣಕಾಲು ಹಿಡಿದುಹೋಗಿದೆ, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಾಳೆ. ಇನ್ನೊಂದು ಕೈಯಲ್ಲಿ ದಾಳಿಂಬೆಯ ಚೀಲ. ನಾನು ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದುದನ್ನು ಕಂಡು ಅವಳು ನಿಂತಲ್ಲೇ ನಿಂತಳು.

ನೀನು ವೇದಿಕೆಯ ಮೇಲೆ ನಮ್ಮ ಕಥೆಯನ್ನೆಲ್ಲ ಹೇಳಿದೆಯಂತೆ. ಬಿಸಿಲು, ಕುಪ್ಪಸದ ಅಳತೆ, ತೆರೆಯದ ಬಾಗಿಲು. ನನ್ನ ಹೆಸರು ಬಂದಾಗ ಮಾತು ನಿಲ್ಲಿಸಿ ನೀರು ಕುಡಿದೆಯಂತೆ. ಆಮೇಲೆ, ಆಪಾ ಹಾಸಿಗೆ ಹಿಡಿದಿದ್ದಾಳೆ, ಏಳಲಾರಳು, ಎಲ್ಲರೂ ಆಕೆಗಾಗಿ ದುವಾ ಮಾಡಿ ಎಂದೆಯಂತೆ. ಮಂಟಪದಲ್ಲಿದ್ದ ಮಂದಿಯೆಲ್ಲ ಕೈಯೆತ್ತಿ ದುವಾ ಮಾಡಿದರಂತೆ. ಇಮಾಮಬಿಯೂ ಅತ್ತಳಂತೆ.

"ಏನಾಗೈತಿ ನಿನಗ ಸಗೀರಾ?" ಎಂದಳು.

ಕೈ ಒರೆಸಿಕೊಂಡು ಅವಳನ್ನು ಕೂಡಿಸಿದೆ. ಚಹಾ ಮಾಡಿಕೊಟ್ಟೆ. ಒಂದು ಕ್ಷಣ, ಹೌದು, ಮೈಯಲ್ಲಿ ಆರಾಮಿರಲಿಲ್ಲ ಎಂದುಬಿಡೋಣ ಅನಿಸಿತು. ಎಷ್ಟೆಂದರೂ ನೀನು ನನ್ನ ತಮ್ಮ, ನಿನ್ನ ಮಾತು ಬೀಳಬಾರದು ಎಂದು ನಾನು ಆ ಊರಿನಲ್ಲಿ ಬಹಳ ನಡೆದಿದ್ದೇನೆ. ಆದರೆ ಇಮಾಮಬಿಯ ಗಂಡ ಸತ್ತಾಗ, ಒಂದೇ ವಾರದಲ್ಲಿ ಹಣ ತಂದುಕೊಟ್ಟವರು ನಾವು. ಅಂಥವಳ ಮುಂದೆ ಕೂತು ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ನನಗೇನೂ ಆಗಿಲ್ಲ ಇಮಾಮಬಿ. ಅವಾ ಕರದಿದ್ದ, ನಾನಽ ಬರ್ಲಿಲ್ಲ," ಎಂದೆ.

ಅವಳು ದಾಳಿಂಬೆ ಸುಲಿದು ಮೊಮ್ಮಗಳಿಗೊಂದಿಷ್ಟು, ನನಗೊಂದಿಷ್ಟು ಕೊಟ್ಟಳು. ಆಮೇಲೆ ನಾನೇ ಹೇಳಿದೆ, ಪರಪ್ಪನ ಹೆಸರಿನಿಂದ ಹಿಡಿದು ಎಲ್ಲವನ್ನೂ. ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿ ಬಂದೆ. ಇಷ್ಟು ಹೊತ್ತಿಗೆ ಇಂಡಿಗೂ ಸಾಲೋಟಗಿಗೂ ಮಾತು ಮುಟ್ಟಿರುತ್ತದೆ. ಯಾರ ಮಾತನ್ನು ನಂಬಬೇಕು ಎಂಬುದನ್ನು ಅಲ್ಲಿಯ ಹೆಂಗಸರು ತೀರ್ಮಾನಿಸುತ್ತಾರೆ. ಅವರಿಗೆ ನಾವಿಬ್ಬರೂ ಗೊತ್ತು.

ಮುಂಬೈಯ ವಿಳಾಸ ನನಗೆ ಬರೆಯಬೇಡ.

ಸಗೀರಾ